ಪದವಿನ ಮೇಲೆ ಸಂಜೆ

ಕಾಸರಗೋಡು ಸೀಮೆಯ ನೆಲಕ್ಕೆ ಹಿರಿಯರು ಇಟ್ಟ ಹೆಸರುಗಳನ್ನು ಕೆಳಗಿನಿಂದ ಮೇಲಕ್ಕೆ ಹೇಳಿಕೊಂಡು ಹೋದರೆ ಅದೇ ಒಂದು ಏರುದಾರಿಯಾಗುತ್ತದೆ. ತೋಡಿನ ಬದಿಯಲ್ಲಿ ನೀರು ಬತ್ತದ ಬಯಲು. ಅದಕ್ಕಿಂತ ತುಸು ಮೇಲೆ ಮಜಲು. ಮಳೆಯನ್ನೇ ನಂಬಿ ಒಂದು ಬೆಳೆ ತೆಗೆಯುವ ಬೆಟ್ಟು. ಅದರ ಮೇಲೆ ಸೊಪ್ಪಿಗೂ ಸೌದೆಗೂ ಒದಗುತ್ತಿದ್ದ ಗುಡ್ಡ. ಗುಡ್ಡದ ನೆತ್ತಿಯಲ್ಲಿ ಪದವು. ಘಟ್ಟದ ಮೇಲಿನವರಿಗೆ, ಸೊಲ್ಲಾಪುರ ಅಕ್ಕಲಕೋಟೆಗಳ ಕರಿನೆಲದ ಬಂಧುಗಳಿಗೆ, ಈ ಕೊನೆಯ ಪದದ ಅರ್ಥವನ್ನು ಬಿಡಿಸಿ ಹೇಳಬೇಕಾಗುತ್ತದೆ. ಗುಡ್ಡದ ತುದಿಯೆಂದರೆ ಮೊನಚಾಗಿರಬೇಕೆಂದು ಅವರು ಭಾವಿಸಿದ್ದರೆ ಅದು ಸಹಜವೇ. ನಮ್ಮ ಗುಡ್ಡಗಳ ತುದಿಯನ್ನಾದರೋ ಯಾರೋ ಕತ್ತಿಯಿಂದ ಸವರಿ ತೆಗೆದಂತಿದೆ. ಮೇಲೆ ಹತ್ತಿ ನಿಂತರೆ ಮೈಲುದ್ದಕ್ಕೆ ಚಪ್ಪಟೆಯಾದ, ಮರಗಳಿಲ್ಲದ, ಕಪ್ಪು ಕೆಂಪು ಬೆರೆತ ಮುರಕಲ್ಲಿನ ಹಾಸು. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಘಟ್ಟದ ನೀಲಿ ಗೆರೆ. ಇದೇ ಪದವು.

ಈ ಮುರಕಲ್ಲಿಗೆ ಜಗತ್ತಿನ ಭೂವಿಜ್ಞಾನದಲ್ಲಿರುವ ಹೆಸರು ಹುಟ್ಟಿದುದು ನಮಗೆ ಬಹಳ ದೂರದಲ್ಲಿಯೇನೂ ಅಲ್ಲ. 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲೆಯಾಳ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ, ಮಲಬಾರಿನ ಅಂಗಾಡಿಪುರದಲ್ಲಿ ಜನರು ನೆಲದಿಂದ ಕಲ್ಲನ್ನು ಇಟ್ಟಿಗೆಯಂತೆ ಕಡಿದು ತೆಗೆಯುವುದನ್ನು ಕಂಡನು. ನೆಲದೊಳಗಿರುವಾಗ ಮೆತ್ತಗಿದ್ದು, ಗಾಳಿ ತಾಗಿದ ಮೇಲೆ ಗಟ್ಟಿಯಾಗುವ ಆ ಕಲ್ಲಿಗೆ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ‘ಲ್ಯಾಟರೈಟ್’ ಎಂದು ಹೆಸರಿಟ್ಟು, 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಬರೆದನು. ನಮ್ಮ ಮನೆಗಳ ಗೋಡೆ, ಬಾವಿಯ ಕಟ್ಟೆ, ದೇವಸ್ಥಾನದ ಪ್ರಾಕಾರ, ಶಿವಪ್ಪನಾಯಕನ ಕಾಲದ ಚಂದ್ರಗಿರಿಯ ಕೋಟೆ, ಬೇಕಲದ ಕೋಟೆ, ಎಲ್ಲವೂ ಇದೇ ಕಲ್ಲು. ಪದವಿನ ಮೇಲೆ ಬಿದ್ದ ಮಳೆ ಇದರ ರಂಧ್ರಗಳಲ್ಲಿ ಇಳಿದು, ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗಗಳಲ್ಲಿ ಒಸರಿ, ಬೇಸಿಗೆಯಲ್ಲಿಯೂ ನಮ್ಮ ತೋಟಗಳನ್ನು ಹಸುರಾಗಿ ಇಡುತ್ತದೆ. ಬರಡು ನೆಲವೆಂದು ಸರ್ಕಾರದ ಕಡತಗಳಲ್ಲಿ ಬರೆಸಿಕೊಂಡ ಪದವು ಕೆಳಗಿನ ಊರಿನ ನೀರಿನ ತೊಟ್ಟಿ ಎಂಬುದನ್ನು ತೋಟ ಮಾಡಿದವರಿಗೆ ಹೇಳಬೇಕಾಗಿಲ್ಲ.

ನಮ್ಮ ಬಾಲ್ಯದಲ್ಲಿ ಪದವು ಒಂದು ರಾಜಮಾರ್ಗವಾಗಿತ್ತು. ಶಾಲೆಗೆ ಹೋಗುವುದು ಪದವಿನ ಮೇಲೆ. ಅಜ್ಜನ ಮನೆಗೆ ಹೋಗುವುದು ಪದವಿನ ಮೇಲೆ. ಬಯಲಾಟ ನೋಡಲು ಸೂಟೆ ಹಿಡಿದು ಹೋದುದೂ ಬೆಳಗಿನ ಜಾವ ತೂಕಡಿಸುತ್ತ ಮರಳಿದುದೂ ಪದವಿನ ಮೇಲೆಯೇ. ಮನೆಯ ಮಾಡಿಗೆ ಮುಳಿಹುಲ್ಲು, ಹಟ್ಟಿಗೆ ಸೊಪ್ಪು, ಒಲೆಗೆ ಸೌದೆ ಎಲ್ಲ ಅಲ್ಲಿಂದ ತಲೆಹೊರೆಯಲ್ಲಿ ಇಳಿಯುತ್ತಿತ್ತು. ಅಂದಿನವರು ವ್ಯಾಯಾಮವೆಂಬ ಮಾತನ್ನು ಶಾಲೆಯ ಡ್ರಿಲ್ ಮೇಷ್ಟ್ರ ಬಾಯಲ್ಲಿ ಮಾತ್ರ ಕೇಳಿದ್ದರು. ಮುಟ್ಟಾಳೆ ಇಟ್ಟು ಗುಡ್ಡ ಹತ್ತಿದ ಅಜ್ಜ, ಅರುವತ್ತು ದಾಟಿದ ಮೇಲೂ ಅಡಿಕೆ ಮರಕ್ಕೆ ಕೈ ಹಾಕುತ್ತಿದ್ದರು.

ಆಮೇಲೆ ಬಯಲಿನ ಮಗ್ಗುಲಲ್ಲಿ ಡಾಮರು ರಸ್ತೆ ಬಂದಿತು, ಬಸ್ಸು ಬಂದಿತು, ಅಂಗಳದವರೆಗೆ ಜೀಪು, ಮತ್ತೆ ಕಾರು ಬಂದವು. ಹಂಚಿನ ಮಾಡು ಮುಳಿಹುಲ್ಲನ್ನೂ ಗ್ಯಾಸಿನ ಒಲೆ ಸೌದೆಯನ್ನೂ ಮರೆಯಿಸಿದುವು. ಪದವಿನ ಕಾಲುದಾರಿಗಳು ಒಂದೊಂದಾಗಿ ಪೊದೆಗಳಲ್ಲಿ ಮಾಯವಾದುವು. ಹೀಗೆ ದಾರಿಗಳು ಮುಚ್ಚಿಹೋದಂತೆ ನಮ್ಮ ಸೊಂಟವೂ ದಪ್ಪವಾಗುತ್ತ ಬಂದುದನ್ನು ಬೇರೆ ಬೇರೆ ಸಂಗತಿಗಳೆಂದು ತಿಳಿಯಲಾಗದು.

ನಮಗೆ ಐವತ್ತೆರಡು ತುಂಬಿದ ವರ್ಷ ಪೇಟೆಯ ವೈದ್ಯರೊಬ್ಬರು ರಕ್ತಪರೀಕ್ಷೆಯ ಕಾಗದವನ್ನು ಮೇಜಿನ ಮೇಲೆ ತಿರುಗಿಸಿಟ್ಟು, ಸಕ್ಕರೆ ಕಾಯಿಲೆಯ ಹೊಸಿಲಲ್ಲಿ ನಿಂತಿದ್ದೀರಿ ಎಂದರು. ಭಾರತದಲ್ಲಿ ಆ ಹೊಸಿಲನ್ನು ದಾಟಿದವರು ಹತ್ತು ಕೋಟಿಗೂ ಮಿಕ್ಕಿದ್ದಾರೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೇ ಹೇಳುತ್ತದೆ. ಆದುದರಿಂದ ಇದರಲ್ಲಿ ನಮ್ಮದೇನೂ ವಿಶೇಷವಿರಲಿಲ್ಲ. ನಮ್ಮನ್ನು ಕಲಕಿದುದು ಬೇರೊಂದು ಲೆಕ್ಕ. ನಮ್ಮ ತೀರ್ಥರೂಪರು ಐವತ್ತನಾಲ್ಕರಲ್ಲಿ, ಒಂದು ಮಧ್ಯಾಹ್ನ ಊಟ ಮುಗಿಸಿ ಚಾವಡಿಯಲ್ಲಿ ಕುಳಿತವರು, ಎದ್ದಿರಲಿಲ್ಲ. ಆಗ ನಮಗೆ ಕಾಲೇಜಿನ ಕೊನೆಯ ವರ್ಷ. ಈಗ ನಮ್ಮ ಮಗಳಿಗೂ ಕಾಲೇಜಿನ ಕೊನೆಯ ವರ್ಷ. ವೈದ್ಯರಲ್ಲಿ ಇದನ್ನು ಹೇಳಿದೆವು. ಅವರು ಬರೆಯುತ್ತಿದ್ದ ಚೀಟಿಯನ್ನು ನಿಲ್ಲಿಸಿ, ಹೃದಯದ ಪರೀಕ್ಷೆಗಳನ್ನೂ ಮಾಡಿಸಿ, ತೊಂದರೆಯಿಲ್ಲವೆಂದು ಖಚಿತವಾದ ಬಳಿಕ, “ಇನ್ನು ನಡೆಯಿರಿ, ಏರು ಸಿಕ್ಕರೆ ಏರಿ” ಎಂದರು. ಔಷಧಕ್ಕಿಂತ ಈ ಎರಡು ವಾಕ್ಯ ಹೆಚ್ಚು ಕಹಿಯಾಗಿ ಕಂಡಿತೆಂಬುದನ್ನು ಮುಚ್ಚಿಡುವುದೇಕೆ?

ನಡುಹರೆಯದ ಶರೀರ ಒಮ್ಮೆ ಜಾರಿದರೆ ಮತ್ತೆ ಹತ್ತುವುದಿಲ್ಲವೆಂಬ ಭಾವನೆ ನಮ್ಮ ಜನರಲ್ಲಿ ಬಲವಾಗಿದೆ. “ಇನ್ನೇನು, ವಯಸ್ಸಾಯಿತಲ್ಲ” ಎಂಬ ಮಾತು ನಲುವತ್ತೈದಕ್ಕೇ ಕಿವಿಗೆ ಬೀಳತೊಡಗುತ್ತದೆ. ಇದು ಎಷ್ಟು ಸತ್ಯವೆಂಬುದನ್ನು ಅಳೆದು ನೋಡಿದವರಿದ್ದಾರೆ. 1966ರಲ್ಲಿ ಅಮೆರಿಕದ ಡಲ್ಲಾಸ್ ಪಟ್ಟಣದಲ್ಲಿ ಇಪ್ಪತ್ತರ ಹರೆಯದ ಐವರು ಆರೋಗ್ಯವಂತ ತರುಣರನ್ನು ಮೂರು ವಾರಗಳ ಕಾಲ ಹಾಸಿಗೆಯಿಂದ ಏಳಗೊಡದೆ ಮಲಗಿಸಿ, ಅವರ ಹೃದಯ ಶ್ವಾಸಕೋಶಗಳ ಶಕ್ತಿ ಎಷ್ಟು ಕುಂದಿತೆಂದು ನೋಡಿದರು. ಮೂವತ್ತು ವರ್ಷಗಳ ಮೇಲೆ, ಐವತ್ತು ತಲಪಿದ ಅದೇ ಐವರನ್ನು ಹುಡುಕಿ ಮತ್ತೊಮ್ಮೆ ಪರೀಕ್ಷಿಸಿದರು. ಮೂವತ್ತು ವರ್ಷಗಳ ಮುಪ್ಪು ಮಾಡಿದ ಹಾನಿಗಿಂತ, ಅಂದಿನ ಮೂರು ವಾರಗಳ ಹಾಸಿಗೆವಾಸ ಮಾಡಿದ ಹಾನಿಯೇ ಹೆಚ್ಚೆಂದು ತಿಳಿದುಬಂದಿತು! ಅನಂತರ ಆರು ತಿಂಗಳು ನಡಿಗೆ, ಮೆಲ್ಲೋಟ, ಸೈಕಲ್ಲುಗಳಲ್ಲಿ ಅವರನ್ನು ನಿಧಾನವಾಗಿ ಪಳಗಿಸಿದಾಗ, ವಯಸ್ಸಿನಿಂದ ಕಳೆದುಕೊಂಡಿದ್ದ ಉಸಿರಿನ ಶಕ್ತಿ ಪೂರ್ಣವಾಗಿ ಮರಳಿತು. ಇಪ್ಪತ್ತರಲ್ಲಿ ತಾಲೀಮು ಮಾಡಿ ಮುಟ್ಟಿದ್ದ ಎತ್ತರವನ್ನು ಯಾರೂ ಮತ್ತೆ ಮುಟ್ಟಲಿಲ್ಲ. ಆದರೆ ಇಪ್ಪತ್ತರ ಸಾಧಾರಣ ಮಟ್ಟವನ್ನು ಮುಟ್ಟಿದರು. ಐವರೇ ಜನ, ಚಿಕ್ಕ ಅಧ್ಯಯನವೆನ್ನಬಹುದು. ಹಾಗಿದ್ದರೂ ಐವತ್ತೆರಡರವನಿಗೆ ಆ ಲೆಕ್ಕ ಬೆಲ್ಲದ ತುಂಡಿನಂತೆ ಸಿಹಿಯಾಗಿತ್ತು.

ಇನ್ನೊಂದು ಕತೆ ಇದಕ್ಕಿಂತ ಹಳೆಯದು. ಲಂಡನಿನ ಎರಡು ಅಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಕುಳಿತಿರುವ ಚಾಲಕರಿಗಿಂತ, ಟಿಕೇಟು ಕೊಡುತ್ತ ದಿನಕ್ಕೆ ಐನೂರಕ್ಕೂ ಮಿಕ್ಕಿ ಮೆಟ್ಟಿಲು ಹತ್ತುವ ಕಂಡಕ್ಟರರಿಗೆ ಹೃದಯದ ಕಾಯಿಲೆ ಕಡಿಮೆಯೆಂದು ಜೆರೆಮಿ ಮಾರಿಸ್ ಎಂಬ ವೈದ್ಯರು 1953ರಲ್ಲಿ ತೋರಿಸಿಕೊಟ್ಟರು. ಒಂದೇ ಬಸ್ಸು, ಒಂದೇ ಬೀದಿ, ಸರಿಸುಮಾರು ಒಂದೇ ಸಂಬಳ, ವ್ಯತ್ಯಾಸ ಮೆಟ್ಟಿಲಿನದು. ಅದನ್ನು ಓದಿದ ಮೇಲೆ ನಮ್ಮ ಮನೆಯ ಹಿತ್ತಿಲಿನಿಂದ ಪದವಿಗೆ ಹೋಗುವ ಹಳೆಯ ಏರುದಾರಿಯನ್ನು ನಾವು ಬೇರೆ ಕಣ್ಣಿನಿಂದ ನೋಡತೊಡಗಿದೆವು. ಮುರಕಲ್ಲಿನಲ್ಲಿಯೇ ಕೆತ್ತಿದ ಮೆಟ್ಟಿಲುಗಳು ಅಲ್ಲಿ ಇನ್ನೂ ಇದ್ದುವು. ಕಮ್ಯೂನಿಸ್ಟ್ ಗಿಡ ಕವಿದು ಕಾಣದಾಗಿದ್ದುವು, ಅಷ್ಟೆ. ಒಂದು ಭಾನುವಾರ ಕತ್ತಿ ಹಿಡಿದು ಅವನ್ನು ಸವರಿದುದೇ ನಮ್ಮ ವ್ಯಾಯಾಮದ ಮೊದಲ ದಿನ.

ಸಂಜೆಯನ್ನೇ ಏಕೆ ಆರಿಸಿದಿರಿ ಎಂದು ಕೇಳುವವರಿದ್ದಾರೆ. ಬ್ರಾಹ್ಮೀ ಮುಹೂರ್ತದ ಮಹಿಮೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅಡಿಕೆ ತೋಟದ ಮನೆಯಲ್ಲಿ ಬೆಳಗು ಮನುಷ್ಯನದಲ್ಲ. ಹಾಲು ಕರೆಯುವುದಕ್ಕೂ ನೀರು ಬಿಡುವುದಕ್ಕೂ ಶಾಲೆಯ ಗಂಟೆಗೂ ಅದು ಮೊದಲೇ ಬರೆದಾಗಿದೆ. ಅದಲ್ಲದೆ ಮನುಷ್ಯನ ಮೈಯ ಬಿಸಿ ದಿನದಲ್ಲಿ ಅತ್ಯಂತ ಮೇಲಿರುವುದು ಅಪರಾಹ್ಣ ಕಳೆದು ಸಂಜೆಯಾಗುವ ಹೊತ್ತಿಗೆ. ಮಾಂಸಖಂಡಗಳು ಹದವಾಗಿ ಸಡಿಲಗೊಂಡು, ಬೆಳಗ್ಗೆ ಕಿರುಗುಟ್ಟುವ ಮೊಣಕಾಲು ಆಗ ಸುಮ್ಮನಿರುತ್ತದೆ. ಐದೂವರೆಯ ಸುಮಾರಿಗೆ ಕಡಲಿನಿಂದ ಏಳುವ ಗಾಳಿ ಪದವಿನ ಮೇಲೆ ಅಡೆತಡೆಯಿಲ್ಲದೆ ಬೀಸುತ್ತದೆ. ತೋಟದೊಳಗೆ ಒಂದು ಎಲೆ ಅಲ್ಲಾಡದ ಸೆಕೆಯಿರುವಾಗಲೂ ಅಲ್ಲಿ ಪಂಚೆಯ ಅಂಚು ಹಾರುತ್ತದೆ. ಬೇಸಿಗೆಯಲ್ಲಿ ಮಾತ್ರ ಎಚ್ಚರ ಬೇಕು. ಹಗಲೆಲ್ಲ ಕಾದ ಕಲ್ಲು ಸೂರ್ಯ ಮುಳುಗಿದ ಮೇಲೂ ಕಾವಲಿಯಂತೆ ಬಿಸಿ ಉಗುಳುತ್ತದೆ. ಮಾರ್ಚ್ ಏಪ್ರಿಲಿನಲ್ಲಿ ನಾವು ಆರೂಕಾಲರ ಮೊದಲು ಹತ್ತುವುದಿಲ್ಲ.

ಒಬ್ಬರೇ ಹೋಗುವುದಕ್ಕೂ ಕಾರಣವುಂಟು. ಮೊದಲ ವಾರ ನೆರೆಯವರಿಬ್ಬರು ಜೊತೆಗೂಡಿದ್ದರು. ಅಡಿಕೆಯ ಧಾರಣೆ, ಗಡಿಜಗಳದ ಕೇಸು, ಬೆಂಗಳೂರಿನಲ್ಲಿರುವ ಮಗನ ಮದುವೆ, ಈ ಮೂರು ವಿಷಯಗಳು ಮುಗಿಯುವಷ್ಟರಲ್ಲಿ ಪದವು ಮುಗಿಯುತ್ತಿತ್ತು, ಉಸಿರು ಏರುತ್ತಿರಲಿಲ್ಲ. ಜೊತೆಯಲ್ಲಿ ನಡೆಯುವವರು ಒಂದೋ ನಿಧಾನದವನ ವೇಗಕ್ಕೆ ಇಳಿಯುತ್ತಾರೆ, ಇಲ್ಲವೇ ಹಮ್ಮಿನವನ ವೇಗಕ್ಕೆ ಏರಿ ಕಾಲು ಉಳುಕಿಸಿಕೊಳ್ಳುತ್ತಾರೆ. ಐವತ್ತರ ಮೇಲೆ ಪ್ರತಿಯೊಬ್ಬನ ಮೊಣಕಾಲಿಗೂ ಅದರದೇ ಆದ ಜಾತಕವಿದೆ. ಅವರಿಬ್ಬರೂ ಈಗ ಕಟ್ಟೆಯಲ್ಲಿ ಕುಳಿತು ನಮಗೆ ಕೈ ಬೀಸುತ್ತಾರೆ. ಸ್ನೇಹಕ್ಕೇನೂ ಕುಂದು ಬಂದಿಲ್ಲ.

ಮೊದಲ ದಿನಗಳ ಏರು ಸುಲಭವಾಗಿರಲಿಲ್ಲ. ಹಿತ್ತಿಲಿನ ತಡಮೆಯಿಂದ ಪದವಿನ ಅಂಚಿಗೆ ನೂರ ಎಪ್ಪತ್ತು ಮೆಟ್ಟಿಲು. ಮೂರು ಕಡೆ ನಿಲ್ಲಬೇಕಾಗುತ್ತಿತ್ತು. ಕಿವಿಯಲ್ಲಿ ಚೆಂಡೆ ಬಡಿಯುತ್ತಿತ್ತು. ಎಷ್ಟು ವೇಗ ಸರಿಯೆಂದು ತಿಳಿಯಲು ವೈದ್ಯರು ಒಂದು ಸುಲಭದ ಅಳತೆ ಹೇಳಿಕೊಟ್ಟಿದ್ದರು: ನಡೆಯುವಾಗ ಮಾತಾಡಲು ಸಾಧ್ಯವಾಗಬೇಕು, ಹಾಡಲು ಸಾಧ್ಯವಾಗಬಾರದು. ಒಬ್ಬಂಟಿಗ ಯಾರೊಡನೆ ಮಾತಾಡಬೇಕು? ಆದಕಾರಣ ನಾವು ಹದಿನಾರರ ಮಗ್ಗಿಯನ್ನು ಗಟ್ಟಿಯಾಗಿ ಹೇಳುತ್ತ ನಡೆಯುತ್ತಿದ್ದೆವು. ಹದಿನಾರಾರಲೆ ತೊಂಬತ್ತಾರಕ್ಕೆ ಉಸಿರು ಕಟ್ಟಿದರೆ ವೇಗ ಇಳಿಸುವುದು. ಹದಿನಾರು ಹತ್ತಲೆಯವರೆಗೂ ಸರಾಗವಾಗಿ ಹೋದರೆ ವೇಗ ಏರಿಸುವುದು. ಒಂದು ಸಂಜೆ ಹುಲ್ಲಿನ ಹೊರೆ ಹೊತ್ತು ಎದುರಿನಿಂದ ಬಂದ ಹಿರಿಯ ಹೆಂಗಸೊಬ್ಬರು ನಿಂತು, “ಮಾಷ್ಟ್ರೇ, ಯಾರಿಗೆ ಪಾಠ ಒಪ್ಪಿಸುವುದು? ಮಕ್ಕಳು ಕಾಣಿಸುವುದಿಲ್ಲವಲ್ಲ!” ಎಂದು ತುಳುವಿನಲ್ಲಿ ಕೇಳಿದರು. ವಿಷಯ ತಿಳಿದ ಮೇಲೆ ಅವರು ನಮ್ಮನ್ನು ಮೇಲಿಂದ ಕೆಳಗೆ ನೋಡಿ, ಹೊರೆಯನ್ನು ಇಳಿಸದೆಯೇ, “ಹೊರೆ ಇಲ್ಲದೆ ಗುಡ್ಡ ಹತ್ತುವುದಕ್ಕೆ ಇಷ್ಟು ಕಷ್ಟವೇ?” ಎಂದು ನಕ್ಕು ಇಳಿದುಹೋದರು. ಅವರಿಗೆ ಅರುವತ್ತೈದರ ಮೇಲಾಗಿರಬೇಕು. ನಮಗೆ ಸಿಕ್ಕ ಗುರುಗಳಲ್ಲಿ ಅವರನ್ನು ನಾವು ಮುಂದಿನ ಸಾಲಿನಲ್ಲಿ ಕುಳ್ಳಿರಿಸಿದ್ದೇವೆ.

ಅವರ ಮಾತಿನಲ್ಲಿ ಶಾಸ್ತ್ರವೂ ಇತ್ತು. ಬರಿಯ ನಡಿಗೆಯಿಂದ ಉಸಿರು ಬಲಿಯುತ್ತದೆ. ಆದರೆ ಮೂವತ್ತರ ಬಳಿಕ ವರ್ಷ ವರ್ಷವೂ ಕರಗುತ್ತ ಬರುವ ಮಾಂಸಖಂಡ ಹೊರೆಯಿಲ್ಲದೆ ಉಳಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯೂ ಹೀಗೆಯೇ ಇದೆ: ವಾರಕ್ಕೆ 150ರಿಂದ 300 ನಿಮಿಷಗಳ ಹದವಾದ ಶ್ರಮ, ಅದರ ಜೊತೆಗೆ ವಾರದಲ್ಲಿ ಎರಡು ದಿನವಾದರೂ ಖಂಡಗಳಿಗೆ ಭಾರದ ಕೆಲಸ. (ದಿನಕ್ಕೆ ಹತ್ತು ಸಾವಿರ ಹೆಜ್ಜೆಯೆಂದು ಎಲ್ಲರೂ ಹೇಳುವ ಮಂತ್ರ 1960ರ ದಶಕದಲ್ಲಿ ಜಪಾನಿನಲ್ಲಿ ಮಾರಾಟಕ್ಕಿಟ್ಟ ಹೆಜ್ಜೆ ಎಣಿಸುವ ಒಂದು ಯಂತ್ರದ ಹೆಸರಿನಿಂದ ಬಂದುದು. ಹೆಜ್ಜೆಯನ್ನು ಎಣಿಸುವವರು ಎಣಿಸಲಿ, ನಮ್ಮ ಆಕ್ಷೇಪವಿಲ್ಲ.) ನಾವು ಪೇಟೆಯ ವ್ಯಾಯಾಮಶಾಲೆಗೆ ಹಣ ಕಟ್ಟಲಿಲ್ಲ. ತಡಮೆಯ ಕೆಳಗಿನ ಕಲ್ಲನ್ನು ಹತ್ತಿ ಇಳಿಯುವುದು, ಮೊದಲು ಹತ್ತು ಸಲ, ಮತ್ತೆ ಮೂವತ್ತು ಸಲ; ಮನೆ ಕಟ್ಟಿ ಉಳಿದಿದ್ದ ಒಂದು ಅರೆಗಲ್ಲನ್ನು ಬೆನ್ನು ಬಾಗಿಸದೆ ಮೊಣಕಾಲು ಮಡಚಿ ಎತ್ತಿ ಎದೆಯವರೆಗೆ ತಂದು ಇಳಿಸುವುದು; ಪದವಿನ ಮೇಲಿನ ಒಂದು ದೊಡ್ಡ ಬಂಡೆಗೆ ಕೈಕೊಟ್ಟು ದಂಡ ತೆಗೆಯುವುದು. ನೆಲದ ಮೇಲೆ ತೆಗೆಯುವ ದಂಡಕ್ಕೆ ಬರಲು ನಮಗೆ ನಾಲ್ಕು ತಿಂಗಳು ಹಿಡಿಯಿತು. ಐದನೆಯ ತಿಂಗಳಿನಲ್ಲಿ ಕಲ್ಲು ಬದಲಾಯಿತು: ಅರೆಗಲ್ಲಿನ ಸ್ಥಾನಕ್ಕೆ ಮುಕ್ಕಾಲು ಕಲ್ಲು.

ಶರೀರವನ್ನು ಪಳಗಿಸುವ ವಿದ್ಯೆ ನಮ್ಮ ಸೀಮೆಗೆ ಹೊಸತಲ್ಲ. ಚಂದ್ರಗಿರಿ ಹೊಳೆಯಿಂದ ತೆಂಕಣಕ್ಕೆ ಕಳರಿಯ ಪರಂಪರೆಯಿದೆ. ಬಡಗಣಕ್ಕೆ ಯಕ್ಷಗಾನದ ಹೆಜ್ಜೆಯಿದೆ. ಕುಂಬಳೆಯ ಪಾರ್ತಿಸುಬ್ಬನ ಊರಿನವರಿಗೆ ಧಿಗಿಣವೆಂದರೇನೆಂದು ಹೇಳಬೇಕಾಗಿಲ್ಲ. ಹತ್ತಾರು ಸೇರು ತೂಕದ ವೇಷ ಕಟ್ಟಿ, ರಾತ್ರಿಯ ನಡುವೆ ರಂಗಸ್ಥಳದಲ್ಲಿ ಗಾಳಿಗೆ ಹಾರಿ ತಿರುಗಿ ನಿಲ್ಲುವ ವೇಷಧಾರಿಗಳಲ್ಲಿ ನಡುಹರೆಯ ದಾಟಿದವರೂ ಇದ್ದಾರೆ. ಪಕ್ಕದ ಊರಿನ ಹವ್ಯಾಸಿ ಕಲಾವಿದರೊಬ್ಬರಲ್ಲಿ ನಾವು ಇದರ ಗುಟ್ಟು ಕೇಳಿದೆವು. “ಹಾರುವುದಲ್ಲ ಕಷ್ಟ, ಇಳಿಯುವುದು. ಪಾದದ ಮುಂಭಾಗ ಮೊದಲು ಊರಬೇಕು, ಮೊಣಕಾಲು ಮೃದುವಾಗಿರಬೇಕು” ಎಂದರು. ಆ ಮಾತನ್ನು ಹಿಡಿದುಕೊಂಡೇ ನಾವು ಪದವಿನ ಇಳಿಜಾರನ್ನು ಇಳಿಯಲು ಕಲಿತುದು. ಗುಡ್ಡ ಹತ್ತುವಾಗ ನೋಯದ ತೊಡೆ ಇಳಿದ ಮರುದಿನ ನೋಯುವುದೇಕೆಂದರೆ, ಇಳಿಯುವಾಗ ಖಂಡಗಳು ಹಿಗ್ಗುತ್ತಲೇ ಭಾರವನ್ನು ತಡೆಯಬೇಕಾಗುತ್ತದೆ. ಎರಡು ಮೂರು ವಾರಗಳಲ್ಲಿ ಆ ನೋವು ತಾನಾಗಿ ಬಿಟ್ಟುಹೋಗುತ್ತದೆ. ಅಲ್ಲಿಯವರೆಗೆ ಎಣ್ಣೆ ತಿಕ್ಕಿ ಬಿಸಿನೀರು ಹೊಯ್ದುಕೊಳ್ಳುವ ಸುಖವೂ ಸಣ್ಣದಲ್ಲ.

ಇನ್ನು ಪದವಿನ ಋತುಗಳು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಹೊಯ್ಯುವ ಊರಿನಲ್ಲಿ ಹೊರಗಿನ ವ್ಯಾಯಾಮವೆಂದರೆ ನಗೆಯಾಡುವವರಿದ್ದರು. ಜೂನ್ ಜುಲಾಯಿಯಲ್ಲಿ ಕಲ್ಲಿಗೆ ಪಾಚಿ ಹಿಡಿದು ಜಾರುತ್ತದೆ, ನಿಜ. ಆ ಎರಡು ತಿಂಗಳು ನಾವು ಮೆಟ್ಟಿಲನ್ನು ಬಿಟ್ಟು, ಶಾಲೆಯ ಉದ್ದನೆಯ ಜಗಲಿಯಲ್ಲಿ, ಮಕ್ಕಳು ಮನೆಗೆ ಹೋದ ಮೇಲೆ, ಹಿಂದಕ್ಕೂ ಮುಂದಕ್ಕೂ ನಡೆದೆವು. ಬೇಸರದ ಕೆಲಸ, ಅದರ ವರ್ಣನೆ ಬೇಡ. ಆಟಿ ಕಳೆದು ಸೋಣ ಬಂದಾಗ ಪದವನ್ನು ನೋಡಬೇಕು! ಬೇಸಿಗೆಯಲ್ಲಿ ಸುಟ್ಟ ರೊಟ್ಟಿಯಂತಿದ್ದ ಕಲ್ಲಿನ ಗುಳಿಗಳಲ್ಲಿ ಅಂಗೈಯಗಲದ ಕೆರೆಗಳು ನಿಂತು, ಅವುಗಳ ಅಂಚಿನಲ್ಲಿ ನೀಲಿ ನೇರಳೆ ಬಣ್ಣದ ಸಣ್ಣ ಹೂಗಳು ಸಾವಿರ ಸಾವಿರವಾಗಿ ಅರಳುತ್ತವೆ. ನೋಡಲು ಸಾಧುವಾದ ಈ ಗಿಡ ಕೀಟಾಹಾರಿ. ಮಣ್ಣಿನಲ್ಲಿ ಸಾರವಿಲ್ಲದ ಕಾರಣ, ಬೇರಿನ ಬಳಿಯಲ್ಲಿರುವ ಸೂಜಿಮೊನೆಯಷ್ಟು ಚಿಕ್ಕ ಚೀಲಗಳಲ್ಲಿ ನೀರಿನ ಸೂಕ್ಷ್ಮಜೀವಿಗಳನ್ನು ಹಿಡಿದು ಅರಗಿಸಿಕೊಳ್ಳುತ್ತದೆ. ಓಣಂ ಹಬ್ಬದ ಹೂಹಾಸಿಗೆಗಾಗಿ ಮಲೆಯಾಳದ ಮಕ್ಕಳು ಇದನ್ನು ಕೊಯ್ಯಲು ಬರುತ್ತಾರೆ. ನಮ್ಮ ಮನೆಯ ಮಕ್ಕಳೂ ಅವರ ಜೊತೆ ಸೇರಿಕೊಳ್ಳುತ್ತಾರೆ. ಪದವಿನ ಅಂಚಿನ ಪೊದೆಗಳಲ್ಲಿ ಕೇಪಳ, ನೆಕ್ಕರಿಕ. ಬೇಸಿಗೆಯ ಕೊನೆಯಲ್ಲಿ ಕುಂಟಾಲದ ಹಣ್ಣು. ಬಾಯಿ ನೇರಳೆಯಾಗಿಸಿಕೊಂಡು ಮನೆಗೆ ಮರಳಿದ ಐವತ್ತೆರಡರ ಮಾಷ್ಟ್ರನ್ನು ಕಂಡು ಮನೆಯಾಕೆ ಏನೆಂದರೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು.

ಬರಿಗಲ್ಲಿನ ಮೇಲೆಯೇ ಮೊಟ್ಟೆಯಿಡುವ ಟಿಟ್ಟಿಭ ಹಕ್ಕಿ ಪದವಿನ ಕಾವಲುಗಾರ. ಮಾರ್ಚ್ ತಿಂಗಳಾದ ಮೇಲೆ ನಾವು ಒಂದು ಮೂಲೆಗೆ ಹೆಜ್ಜೆಯಿಟ್ಟರೆ ಸಾಕು, ತಲೆಯ ಮೇಲೆ ಸುತ್ತಿ ಊರಿಗೇ ಕೇಳುವಂತೆ ಕೂಗುತ್ತದೆ. ಅದರ ಗೌರವಾರ್ಥ ಆ ಮೂರು ತಿಂಗಳು ನಮ್ಮ ಓಟದ ದಾರಿ ಅಡ್ಡ ತಿರುಗುತ್ತದೆ.

ಹೆದರಬೇಕಾದುದಕ್ಕೆ ಹೆದರಲೇಬೇಕು. ಏಪ್ರಿಲ್ ಮೇ ತಿಂಗಳುಗಳಲ್ಲಿ, ಮತ್ತೆ ಅಕ್ಟೋಬರ್ ನವೆಂಬರಿನಲ್ಲಿ, ನಮ್ಮ ಸೀಮೆಯ ಸಿಡಿಲು ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರೊಳಗೆ ಹೆಚ್ಚು. ಮರವಿಲ್ಲದ ಪದವಿನಲ್ಲಿ ನಿಂತ ಮನುಷ್ಯನೇ ಅಲ್ಲಿನ ಅತಿ ಎತ್ತರದ ವಸ್ತು. ಮೂಡಣದಲ್ಲಿ ಮೋಡ ಕಪ್ಪಾಗಿ, ಗುಡುಗಿನ ಸದ್ದು ಒಮ್ಮೆ ಕಿವಿಗೆ ಬಿದ್ದರೂ ನಾವು ಆ ದಿನ ಹಿತ್ತಿಲು ದಾಟುವುದಿಲ್ಲ. ಪದವಿನಲ್ಲಿದ್ದರೆ ಅರ್ಧಕ್ಕೇ ಇಳಿಯುತ್ತೇವೆ. ಕೊಳಕುಮಂಡಲ ಹಾವು ಬಿಸಿ ಕಲ್ಲನ್ನು ಹುಡುಕಿ ಮಬ್ಬುಗತ್ತಲಿನಲ್ಲಿ ಹೊರಬರುತ್ತದೆ. ಆದುದರಿಂದ ಬೂಟು ಮತ್ತು ಟಾರ್ಚು, ಇವೆರಡಕ್ಕೆ ಮಾತ್ರ ನಾವು ಹಣ ಖರ್ಚು ಮಾಡಿದುದು. ಯಾವ ಕಡೆಗೆ ಹೋಗುತ್ತೇವೆ, ಎಷ್ಟು ಗಂಟೆಗೆ ಮರಳುತ್ತೇವೆ ಎಂಬುದನ್ನು ಮನೆಯಲ್ಲಿ ಹೇಳಿಯೇ ಹೊರಡುವುದು. ಒಬ್ಬಂಟಿಗರಿಗೆ ಇದು ಕಡ್ಡಾಯ.

ನಮ್ಮ ಪದವಿನ ಪೂರ್ವದ ಅಂಚಿನಲ್ಲಿ ನಿಂತರೆ ಎಣ್ಮಕಜೆಯ ಕಡೆಯ ಗುಡ್ಡಗಳು ಕಾಣುತ್ತವೆ. ಅವುಗಳ ಇಳಿಜಾರುಗಳಲ್ಲಿ ಸರ್ಕಾರಿ ಒಡೆತನದ ಗೇರುತೋಟಗಳಿವೆ. 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಜಿಲ್ಲೆಯ ಅಂತಹ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷವನ್ನು ಸಿಂಪಡಿಸಿದರು. ಗುಡ್ಡದ ಮೇಲೆ ಬಿದ್ದುದು ಸುರಂಗಕ್ಕೂ ಮದಕಕ್ಕೂ ತೋಡಿಗೂ ಇಳಿಯದೆ ಇರುತ್ತದೆಯೇ? ಪಡ್ರೆ, ಸ್ವರ್ಗ ಮೊದಲಾದ ಕನ್ನಡದ ಊರುಗಳಲ್ಲಿ ಹುಟ್ಟಿದ ಮಕ್ಕಳ ಗತಿಯನ್ನು ಕನ್ನಡದ ಪತ್ರಕರ್ತರೂ ಅಲ್ಲಿನ ವೈದ್ಯರೂ ಲೋಕಕ್ಕೆ ತಿಳಿಸಿದರು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲಿ ಅದನ್ನು ನಿಷೇಧಿಸಿತು. ಅದೇ ವರ್ಷ ಅಂತರರಾಷ್ಟ್ರೀಯ ಒಪ್ಪಂದದ ನಿಷೇಧ ಪಟ್ಟಿಗೂ ಅದು ಸೇರಿತು. ಇಪ್ಪತ್ತೈದರ ಹರೆಯದಲ್ಲಿಯೂ ತಾಯಿಯ ತೋಳಿನಲ್ಲಿಯೇ ಉಳಿದ ಮಕ್ಕಳನ್ನು ನಾವು ಕಣ್ಣಾರೆ ಕಂಡವರು. ದಂಡ ಬೈಠಕ್ಕುಗಳ ಲೆಕ್ಕವನ್ನು ಹೆಮ್ಮೆಯಿಂದ ಬರೆಯುವಾಗ ಆ ಗುಡ್ಡಗಳು ಕಣ್ಣಿಗೆ ಕಟ್ಟುತ್ತವೆ. ಬಿದ್ದ ಆರೋಗ್ಯವನ್ನು ಸ್ವಪ್ರಯತ್ನದಿಂದ ಎತ್ತಿಕೊಳ್ಳುವ ಅವಕಾಶ ಎಲ್ಲರಿಗೂ ಸಿಕ್ಕಿಲ್ಲ. ಆರೋಗ್ಯವೆಲ್ಲ ಮನುಷ್ಯನ ಛಲದ ಫಲವೆಂದು ಉಪನ್ಯಾಸ ಮಾಡುವವರನ್ನು ಒಮ್ಮೆ ಪಡ್ರೆಗೆ ಕರೆದುಕೊಂಡು ಹೋಗಬೇಕೆಂದು ನಮಗೆ ಅನ್ನಿಸುವುದುಂಟು.

ಒಂಬತ್ತು ತಿಂಗಳ ಬಳಿಕ ನೂರ ಎಪ್ಪತ್ತು ಮೆಟ್ಟಿಲನ್ನು ನಿಲ್ಲದೆ ಹತ್ತಿದೆವು. ತೂಕ ಇಳಿದುದು ಐದೇ ಕಿಲೋ. ತೂಕದ ಯಂತ್ರವನ್ನು ನಂಬಿದ್ದರೆ ಮೂರನೆಯ ತಿಂಗಳಿನಲ್ಲಿಯೇ ಬಿಟ್ಟುಬಿಡಬಹುದಾಗಿತ್ತು. ಸೊಂಟದ ಪಟ್ಟಿಯಲ್ಲಿ ಎರಡು ತೂತು ಹಿಂದಕ್ಕೆ ಸರಿದಿತ್ತು. ರಕ್ತಪರೀಕ್ಷೆಯ ಕಾಗದವನ್ನು ಈ ಸಲ ವೈದ್ಯರು ತಿರುಗಿಸಿಡದೆ ನೇರವಾಗಿ ನಮ್ಮ ಕೈಗೆ ಕೊಟ್ಟರು. ಹೊಸಿಲಿನಿಂದ ಒಂದು ಹೆಜ್ಜೆ ಒಳಗೆ ಬಂದಿದ್ದೀರಿ ಎಂದರು. ಅವರು ಅದಕ್ಕಿಂತ ಹೆಚ್ಚು ಹೇಳಲಿಲ್ಲ, ನಾವು ಕೇಳಲೂ ಇಲ್ಲ.

ಆ ವರ್ಷ ದೀಪಾವಳಿ ಕಳೆದು, ಮಳೆ ಪೂರ್ತಿ ಬಿಟ್ಟ ಒಂದು ಶನಿವಾರ, ಅಜ್ಜ ನಮ್ಮನ್ನು ಕೈಹಿಡಿದು ನಡೆಸಿಕೊಂಡು ಹೋಗುತ್ತಿದ್ದ ಹಳೆಯ ದಾರಿಯಲ್ಲಿ ಅನಂತಪುರಕ್ಕೆ ಹೊರಟೆವು. ಕಾರಿನಲ್ಲಿ ಹೋದರೆ ಅರ್ಧ ಗಂಟೆಯ ದಾರಿ. ಮೂರು ಪದವು, ಎರಡು ತೋಡು ದಾಟಿ ಕಾಲ್ನಡಿಗೆಯಲ್ಲಿ ಹೋದಾಗ ಎರಡೂಮುಕ್ಕಾಲು ಗಂಟೆ ಹಿಡಿಯಿತು. ಎರಡನೆಯ ಪದವಿನ ಮಧ್ಯದಲ್ಲಿ ಕಾಲುದಾರಿ ಹಠಾತ್ತನೆ ಕಡಿದುಹೋಗಿತ್ತು. ಕೆಳಗೆ ಮೂರಾಳು ಆಳದ ಕಲ್ಲುಕೋರೆ. ತಳದಲ್ಲಿ ಹಸುರು ನೀರು. ಕಲ್ಲು ಕಡಿದವರು ಗುಳಿಯನ್ನು ಮುಚ್ಚದೆ, ಬೇಲಿಯನ್ನೂ ಹಾಕದೆ ಬಿಟ್ಟು ಹೋಗಿದ್ದಾರೆ. ಅಂಚನ್ನು ಹಿಡಿದು ಅರ್ಧ ಮೈಲು ಸುತ್ತಬೇಕಾಯಿತು. ಮನೆಗೆ ಕಲ್ಲು ಬೇಕು, ಸರಿ. ಆದರೆ ಯಂತ್ರದ ಗರಗಸ ಬಂದ ಮೇಲೆ ಒಂದು ಪದವು ಕರಗುವುದಕ್ಕೆ ಹತ್ತು ವರ್ಷ ಬೇಡ. ನೀರು ಇಂಗುವ ಹಾಸೇ ಹೋದ ಮೇಲೆ ಕೆಳಗಿನ ಸುರಂಗದಲ್ಲಿ ಏನು ಒಸರೀತು?

ಅನಂತಪುರವೂ ಅಂತಹುದೇ ಕಲ್ಲುಹಾಸಿನ ನಡುವಿನ ಕ್ಷೇತ್ರ. ಕಲ್ಲಿನಲ್ಲಿ ಕೊರೆದಂತಿರುವ ಚೌಕದ ಕೆರೆ, ಅದರ ನಟ್ಟನಡುವೆ ಗರ್ಭಗುಡಿ, ದಡದಿಂದ ಅದಕ್ಕೊಂದು ಸಂಕ. ತಿರುವನಂತಪುರದ ಅನಂತಪದ್ಮನಾಭನಿಗೆ ಇದು ಮೂಲಸ್ಥಾನವೆಂಬುದು ನಮ್ಮವರ ನಂಬಿಕೆ. ಅಜ್ಜನೊಡನೆ ಬಂದಾಗ ನಮ್ಮ ಕಣ್ಣು ದೇವರಿಗಿಂತ ಮೊದಲು ಹುಡುಕುತ್ತಿದ್ದುದು ಕೆರೆಯ ಮೊಸಳೆಯನ್ನು. ಅರ್ಚಕರ ಕೈಯಿಂದ ನೈವೇದ್ಯದ ಅನ್ನ ತಿನ್ನುತ್ತಿದ್ದ ಆ ‘ಬಬಿಯಾ’ 2022ರ ಅಕ್ಟೋಬರ್ 9ರಂದು ತೀರಿಕೊಂಡಿತು. ದೂರದ ಊರುಗಳಿಂದಲೂ ಜನ ಬಂದು ಕಣ್ಣೀರು ಹಾಕಿದರು. ಮರುವರ್ಷ ನವೆಂಬರಿನಲ್ಲಿ ಇನ್ನೊಂದು ಮೊಸಳೆ ಅದೇ ಕೆರೆಯಲ್ಲಿ ಕಾಣಿಸಿಕೊಂಡಿತು. ನಾವು ಹೋದ ಸಂಜೆ ಅದು ದರ್ಶನ ಕೊಡಲಿಲ್ಲ. ಸಂಕದ ಮೇಲೆ ನಿಂತು ಬೆವರು ಆರಿಸಿಕೊಂಡೆವು. ದೀಪಾರಾಧನೆಯ ಗಂಟೆ ಬಾರಿಸುವಾಗ ಕೈ ನಾಡಿಯ ಮೇಲಿತ್ತು. ಎಣಿಕೆ ಎಪ್ಪತ್ತೆಂಟಕ್ಕೆ ಇಳಿದಿತ್ತು.

ಮರಳಿದುದು ಬಸ್ಸಿನಲ್ಲಿ. ಕಂಡಕ್ಟರನಾದ ತರುಣ ಬೂಟಿನ ಮೇಲಿನ ಕೆಂಧೂಳನ್ನು ನೋಡಿ, “ಎಲ್ಲಿಂದ ಬಂದಿರಿ ಮಾಷೇ?” ಎಂದು ಮಲೆಯಾಳದಲ್ಲಿ ಕೇಳಿದ. ಊರ ಹೆಸರು ಹೇಳಿದಾಗ ನಂಬಲಿಲ್ಲ. ಅವನ ಅಜ್ಜಿಯೂ ಆ ಪದವಿನ ಮೇಲೆಯೇ ಕುಂಬಳೆಗೆ ಮಡಕೆ ಹೊತ್ತು ಹೋಗುತ್ತಿದ್ದಳೆಂದೂ, ದಾರಿಯಲ್ಲಿ ಒಂದು ಕಲ್ಲಿನ ನೀರುಮರಿಗೆ ಇತ್ತೆಂದು ಹೇಳುತ್ತಿದ್ದಳೆಂದೂ ತಿಳಿಸಿದ. ನಾವು ಆ ಮರಿಗೆಯನ್ನು ಕಂಡಿಲ್ಲ. ಕೋರೆಯ ಪಾಲಾಗಿದೆಯೋ, ಪೊದೆಯ ಮರೆಯಲ್ಲಿದೆಯೋ ನೋಡಬೇಕಾಗಿದೆ.

ಬಾಯಾರು, ಪೈವಳಿಕೆ, ಪೆರ್ಲ, ಮುಳ್ಳೇರಿಯದ ಕಡೆಯ ವಾಚಕರಲ್ಲಿ ತಮ್ಮೂರಿನ ಪದವಿನ ಹಳೆಯ ಕಾಲುದಾರಿಗಳನ್ನು ಬಲ್ಲ ಹಿರಿಯರಿದ್ದರೆ, ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತು, ನಡುವೆ ಯಾವ ಕಟ್ಟೆ, ಯಾವ ಮದಕ, ಯಾವ ಮರ ಸಿಗುತ್ತಿತ್ತು ಎಂಬುದನ್ನು ಸಂಪಾದಕರ ವಿಳಾಸಕ್ಕೆ ಒಂದು ಕಾಗದದಲ್ಲಿ ಬರೆದು ತಿಳಿಸಬೇಕಾಗಿ ವಿನಂತಿ. ಮುಂದಿನ ಮಳೆಗೆ ಮೊದಲು ಅವುಗಳಲ್ಲಿ ನಾಲ್ಕನ್ನಾದರೂ ನಡೆದು ಮುಗಿಸಬೇಕೆಂದಿದ್ದೇವೆ.